ಮೊದಲು ಬಾಯಿ, ಆಮೇಲೆ ಕೈ

ಬೆಳಗಿನ ಆರೂಕಾಲು. ಪೀಣ್ಯದ ಖಾಸಗಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಟೆಕ್ನಿಷಿಯನ್ ವೇಣಿ ಅರಿವಳಿಕೆ ಯಂತ್ರಕ್ಕೆ ಕೈಮುಗಿದು ಸ್ವಿಚ್ ಹಾಕುತ್ತಾರೆ. ಕೊಳವೆಗಳನ್ನು ಒಂದೊಂದಾಗಿ ಎಳೆದು ನೋಡುತ್ತಾರೆ. ಹನ್ನೊಂದು ವರ್ಷದಿಂದ ಇದೇ ಕೆಲಸ, ದಿನಕ್ಕೆ ನಾಲ್ಕೈದು ಆಪರೇಷನ್. ಗುಣವಾದವರು ಡಾಕ್ಟರಿಗೆ ಹಾರ ಹಾಕುತ್ತಾರೆ. ಟೆಕ್ನಿಷಿಯನ್ ಮುಖ ಯಾರು ಕಂಡಿದ್ದಾರೆ? ಅದೆಲ್ಲ ಅವರಿಗೆ ಅಭ್ಯಾಸವಾಗಿದೆ. ಅಭ್ಯಾಸವಾಗದೆ ಉಳಿದಿರುವುದು ಲಕ್ಷ್ಮಣಪ್ಪನವರ ಸಾವು.

ಎರಡು ವರ್ಷದ ಹಿಂದೆ ಲೇತ್ ಕೆಲಸಗಾರ ಲಕ್ಷ್ಮಣಪ್ಪನವರ ಲಿವರಿನ ಗಡ್ಡೆ ತೆಗೆಯುತ್ತಿದ್ದರು. ಲಿವರ್ ಕೊಯ್ಯುವಾಗ ದೊಡ್ಡ ರಕ್ತನಾಳ ಬಾಯಿಬಿಟ್ಟರೆ ಗಾಳಿ ಒಳಹೊಕ್ಕು ಹೃದಯವನ್ನೇ ನಿಲ್ಲಿಸಬಹುದು. ಆಗ ಮಾನಿಟರಿನಲ್ಲಿ ಉಸಿರಿನ ಇಂಗಾಲದ ಡೈಆಕ್ಸೈಡ್ ಅಂಕಿ ಥಟ್ಟನೆ ಕುಸಿಯುತ್ತದೆ. ಅವತ್ತು ಮೂವತ್ನಾಲ್ಕಿದ್ದದ್ದು ಹದಿನೆಂಟಕ್ಕಿಳಿಯಿತು. ಅರಿವಳಿಕೆ ಡಾಕ್ಟರು ಆಚೆ ತಿರುಗಿ ರಕ್ತದ ಚೀಲ ಬದಲಿಸುತ್ತಿದ್ದರು. ಕಂಡದ್ದು ವೇಣಿಗೆ ಮಾತ್ರ. ಉಸಿರು ಅಳೆಯುವ ಸಣ್ಣ ಕೊಳವೆಯಲ್ಲಿ ನೀರು ಕಟ್ಟಿದರೂ ಅಂಕಿ ಹೀಗೇ ಬೀಳುತ್ತದೆ, ವಾರಕ್ಕೆರಡು ಸಲ ಇದ್ದದ್ದೇ. ಸುಮ್ಮನೆ ಕೂಗಿ ಬೈಸಿಕೊಳ್ಳುವುದೇಕೆಂದು ಅವರು ಕೊಳವೆ ಬದಲಿಸಿದರು. ಒಂದು ನಿಮಿಷ ಹೋಯಿತು. ಅಂಕಿ ಏರದಿದ್ದಾಗಲೇ ಕೂಗಿದ್ದು. ಹೃದಯ ನಿಂತದ್ದು ಮತ್ತೆ ಬಡಿಯಲಿಲ್ಲ.

ಗಾಳಿ ಹೊಕ್ಕಿತೆಂದು ಡಾಕ್ಟರು ಮನೆಯವರಿಗೆ ಹೇಳಿದರು. ಆ ಒಂದು ನಿಮಿಷದ ವಿಷಯವನ್ನು ವೇಣಿ ಡಾಕ್ಟರ ಮುಂದೆ ಒಪ್ಪಿಕೊಂಡದ್ದು ಅಂದು ಸಂಜೆ. ಬೇಗ ಹೇಳಿದ್ದರೂ ಉಳಿಯುತ್ತಿದ್ದರೆಂಬ ಖಾತ್ರಿಯಿಲ್ಲ ಎಂದು ಅವರು ಸಮಾಧಾನ ಮಾಡಿದರು.

“ಉಳೀತಿದ್ರೋ ಇಲ್ವೋ, ಆ ನಿಮಿಷ ಅವರದು ಸಾರ್. ನಾನು ತಿಂದ್ಬಿಟ್ಟೆ,” ಎಂದು ವೇಣಿ ಈಗ ನಮಗೆ ಹೇಳುತ್ತಾರೆ.

ಈಗ ಅಂಕಿ ಒಂಚೂರು ಇಳಿದರೂ ಮೊದಲು ಕೂಗುತ್ತಾರೆ, ಆಮೇಲೆ ಕೊಳವೆ ಮುಟ್ಟುತ್ತಾರೆ. ಹೊಸ ಟೆಕ್ನಿಷಿಯನ್‌ಗಳಿಗೂ ಅದೇ ಪಾಠ. “ಬೈಸ್ಕೊಳ್ಳಿ, ಪರವಾಗಿಲ್ಲ” ಎಂದು ಹೇಳಿಕೊಡುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ, ಪಾಪ.

ಈ ಲೇಖನಕ್ಕೆ ಅವರು ಹಾಕಿದ್ದು ಒಂದೇ ಷರತ್ತು. ಲಕ್ಷ್ಮಣಪ್ಪನವರ ಹೆಂಡತಿ ಈಶ್ವರಮ್ಮನಿಗೆ ಇದು ಪೇಪರಿನಿಂದ ತಿಳಿಯಬಾರದು, ತಾವೇ ಹೋಗಿ ಹೇಳಬೇಕು. ಕಳೆದ ಭಾನುವಾರ ಟಿ. ದಾಸರಹಳ್ಳಿಯ ಅವರ ಮನೆಗೆ ಹೋಗಿ ಎಲ್ಲ ಹೇಳಿದರು. ಗಂಡನಿಗೆ ನೋವಾಯಿತೇ ಎಂದಷ್ಟೇ ಈಶ್ವರಮ್ಮ ಕೇಳಿದರು. ಇಲ್ಲ, ನಿದ್ದೆಯಲ್ಲಿದ್ದರು ಎಂದರು ವೇಣಿ. ಬರೆಯುವುದಿದ್ದರೆ ಬರೆಯಲಿ ಎಂದು ಒಪ್ಪಿ, ಬಾಗಿಲವರೆಗೆ ಬಂದ ಈಶ್ವರಮ್ಮ ಅಲ್ಲಿ ನಿಂತು ಹೇಳಿದರು:

“ಅವತ್ತೇ ಯೋಳಿದ್ರೆ ನಿನ್ನ ಬೈದು, ಅತ್ತು ಮುಗಿಸ್ತಿದ್ದೆ ಕಣವ್ವ. ಈಗ ಬೈಯಾಕೂ ಬಾಯಿ ಬರಾಕಿಲ್ಲ.”