ಬೀಗ ಹಾಕಿದ ಮನೆಗೆ ಹೋದ ಬೆಕ್ಕು

1983ನೇ ಇಸವಿ ಜುಲೈ ಹತ್ತು, ಭಾನುವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಕೊಡಿಗೇಹಳ್ಳಿಯ ನಮ್ಮ ಹೊಸ ಮನೆಯ ಹಿತ್ತಲ ಬಾಗಿಲು ತೆರೆದು ಅವ್ವ "ಬಾರವಾ" ಎಂದು ಕರೆದಳು. ಬೆಕ್ಕು ಬರಲಿಲ್ಲ.

ಅದಕ್ಕೆ ನಾವು ಹೆಸರಿಟ್ಟಿರಲಿಲ್ಲ. "ಬಾರವಾ" ಎಂದರೆ ಬರುತ್ತಿತ್ತು, "ಹೋಗವಾ" ಎಂದರೆ ಹೋಗುತ್ತಿರಲಿಲ್ಲ, ಅಷ್ಟೇ. ಅಪ್ಪನಿಗೆ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ನಾವು ಧಾರವಾಡದ ಕಡೆಯಿಂದ ಯಶವಂತಪುರದ ವಠಾರವೊಂದಕ್ಕೆ ಬಂದಾಗ ನಾನು ಎಂಟನೇ ಇಯತ್ತೆ. ಅವ್ವನ ಮಾತು ಕೇಳಿ ವಠಾರದ ಹೆಂಗಸರು ನಗುತ್ತಿದ್ದರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ, ಆದರೆ ದಿನಾ ನಗುತ್ತಿದ್ದರು. ನಲ್ಲಿಯ ಹತ್ತಿರ ಅವ್ವ ಮಾತಾಡುವುದನ್ನೇ ಬಿಟ್ಟಳು. ಆ ವರ್ಷವೇ ಒಂದು ಮಧ್ಯಾಹ್ನ ಅಡುಗೆಮನೆಯ ಗವಾಕ್ಷಿಯಿಂದ ಬೂದಿ ಬಣ್ಣದ ಒಂದು ಮರಿ ಇಳಿದು ಬಂದು ಒಲೆಕಟ್ಟೆಯ ಮೇಲೆ ಕೂತಿತು. ನಾನು ಶಾಲೆಗೆ, ಅಪ್ಪ ಪಾಳಿಗೆ ಹೋದ ಮೇಲೆ ಅವ್ವ ಅದರ ಜತೆ ಮಾತಾಡುತ್ತಿದ್ದಳು. ರೊಟ್ಟಿ ಬಡಿಯುತ್ತ ಊರಿನ ಸುದ್ದಿಯನ್ನೆಲ್ಲ ಅದಕ್ಕೇ ಹೇಳುತ್ತಿದ್ದಳು. ಸಂಜೆ ನಾನು ಬಂದರೆ, "ಇದಕ್ಕ ಎಲ್ಲಾ ಹೇಳೇನಿ, ಇದನ್ನ ಕೇಳು" ಎನ್ನುತ್ತಿದ್ದಳು. ಬೆಂಗಳೂರಿನಲ್ಲಿ ಅವಳ ಮಾತಿಗೆ ನಗದೆ ಕೂತದ್ದು ಅದೊಂದೇ.

ಅಪ್ಪ ಕೊಡಿಗೇಹಳ್ಳಿಯಲ್ಲಿ ಸೈಟು ಕೊಂಡು ಎರಡು ಕೋಣೆ ಕಟ್ಟಿಸಿದರು. ಆಷಾಢ ಶುರುವಾಗುವ ಮೊದಲೇ ಹಾಲು ಉಕ್ಕಿಸಬೇಕು ಎಂದು ಅವಸರವಾಯಿತು. ಜುಲೈ ಏಳರ ಗುರುವಾರ ಗೃಹಪ್ರವೇಶ. ಮನೆಯೊಳಗೆ ಮೊದಲು ಆಕಳು ಕಾಲಿಡಬೇಕು, ಬೆಕ್ಕು ಅಡ್ಡ ಬರಬಾರದು ಎಂದು ಪುರೋಹಿತರು ಹೇಳಿದ್ದರಿಂದ ಬೆಕ್ಕನ್ನು ಎರಡು ದಿನ ವಠಾರದಲ್ಲೇ ಬಿಟ್ಟೆವು. ಮನೆ ಒಡತಿ ಅಜ್ಜಿ ಹಾಲು ಹಾಕಿದರು. ಶನಿವಾರ ಅಪ್ಪ ಹೋಗಿ ಅದನ್ನು ಗೋಣಿಚೀಲಕ್ಕೆ ಹಾಕಿ, ದಾರಿ ತಿಳಿಯದಿರಲೆಂದು ಚೀಲವನ್ನು ಮೂರು ಸುತ್ತು ತಿರುಗಿಸಿ, ಬಸ್ಸಿನಲ್ಲಿ ತಂದರು. ಚೀಲದಲ್ಲಿ ಏನು ಎಂದು ಕಂಡಕ್ಟರ್ ಕೇಳಿದನಂತೆ. ಅಪ್ಪ ತೆಂಗಿನಕಾಯಿ ಎಂದರಂತೆ. ಹೆಬ್ಬಾಳ ದಾಟುವಾಗ ಕಂಡಕ್ಟರ್ ವಾಪಸು ಬಂದು, "ಸಾರ್, ನಿಮ್ಮ ಕಾಯಿ ಆಗ್ಲಿಂದ ಅಳ್ತಾ ಇದೆ. ಅದಕ್ಕೂ ಒಂದು ಅರ್ಧ ಟಿಕೆಟ್ ತಗೊಂಡ್ಬಿಡಿ" ಎಂದನಂತೆ. ಅಪ್ಪ ಇದನ್ನು ಹೇಳಿ ಹೇಳಿ ನಕ್ಕರು. ಅವ್ವ ಬೆಕ್ಕಿನ ನಾಲ್ಕೂ ಪಾದಕ್ಕೆ ಬೆಣ್ಣೆ ಹಚ್ಚಿದಳು. ಅದನ್ನು ನೆಕ್ಕುತ್ತ ಕೂತರೆ ಬೆಕ್ಕು ಹೊಸ ಮನೆಗೆ ಹೊಂದಿಕೊಳ್ಳುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಅದು ನೆಕ್ಕಿತು. ರಾತ್ರಿ ಅವ್ವನ ಕಾಲ ಬಳಿಯೇ ಮಲಗಿತು. ಬೆಳಗ್ಗೆ ಇರಲಿಲ್ಲ.

ಅವತ್ತು ಮಣ್ಣೆತ್ತಿನ ಅಮಾವಾಸ್ಯೆ. ಅವ್ವ ಕೆರೆಯ ಮಣ್ಣು ಕಲಸಿ ಎತ್ತು ಮಾಡುತ್ತಿದ್ದಳು. ಒಂದು ಎತ್ತು ಮುಗಿದಿತ್ತು, ಇನ್ನೊಂದಕ್ಕೆ ಕೋಡು ಹಚ್ಚುವುದು ಬಾಕಿ.

"ಹಸಿವಾತಂದ್ರ ತಾನ ಬರ್ತೈತಿ ಬಿಡು" ಎಂದರು ಅಪ್ಪ.

"ಅದಕ್ಕ ಈ ಊರು ಗೊತ್ತಿಲ್ಲರಿ" ಎಂದಳು ಅವ್ವ. ಕೋಡಿಗೆಂದು ಹಿಡಿದಿದ್ದ ಮಣ್ಣನ್ನು ಕೆಳಗಿಟ್ಟು, "ನನಗರ ಎಲ್ಲಿ ಗೊತ್ತೈತಿ" ಎಂದಳು.

ಆ ವರ್ಷ ಒಂದು ಎತ್ತಿಗೆ ಕೋಡಿಲ್ಲದೆಯೇ ಪೂಜೆಯಾಯಿತು.

ನಾನು ದಿನಚರಿ ಬರೆಯುವವಳು. ಯಾವ ಕೆಲಸ ಹಿಡಿದರೂ ಮೊದಲು ಗೆರೆ ಎಳೆದು ಕಾಲಂ ಮಾಡುವುದು ನನ್ನ ರೂಢಿ. ಸೋಮವಾರದಿಂದ ಕಾಲೇಜು ಮುಗಿಸಿ ಬಂದು ಬೀದಿ ಬೀದಿ ತಿರುಗಿದೆ. ಮೊದಲ ವಾರ ಕೇಳಿದ ಮನೆಗಳು ಐವತ್ತಮೂರು. ನೋಡಿದ್ದೇವೆ ಎಂದವರು ಆರು. ಅದರಲ್ಲಿ ನಾಲ್ಕು ಗಂಡು ಬೆಕ್ಕು, ಒಂದು ಕಪ್ಪು, ಇನ್ನೊಂದು ಹೋಗಿ ನೋಡಿದರೆ ಮೊಲ. ಹೆಸರಿಲ್ಲದ ಬೆಕ್ಕನ್ನು ಬೀದಿಯಲ್ಲಿ ಕರೆಯುವುದೂ ಕಷ್ಟ. ನಾನು "ಬಾರವಾ, ಬಾರವಾ" ಎನ್ನುತ್ತ ಹೋದರೆ ಕಟ್ಟೆಯ ಮೇಲೆ ಕೂತ ಹೆಂಗಸರು ತಿರುಗಿ ನೋಡುತ್ತಿದ್ದರು. ಒಬ್ಬರು, "ಏನಮ್ಮಾ, ಮಗು ಕಳ್ಕೊಂಡೋರ ಥರ ಆಡ್ತೀಯಲ್ಲ. ಬೆಕ್ಕು ತಾನೆ? ನಮ್ಮನೇಲಿ ಐದು ಮರಿ ಅವೆ, ಬೇಕಾದ್ದು ಎತ್ಕೊಂಡೋಗು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಮನೆಗೆ ಬಂದು ಅವ್ವನಿಗೆ ಅದನ್ನು ಹೇಳಲಿಲ್ಲ.

ಕೆರೆಯ ಹತ್ತಿರ ಎಮ್ಮೆ ಮೇಯಿಸುತ್ತಿದ್ದ ತಾತ ಒಬ್ಬರು, "ಎಲ್ಲಿಂದ ತಂದಿದ್ರಿ?" ಎಂದು ಕೇಳಿದರು. ಯಶವಂತಪುರ ಎಂದೆ. "ಅಂಗಾರೆ ಅಲ್ಲಿಗೇ ಓಗಿರ್ತದೆ ಬುಡು" ಎಂದರು.

ಗುರುವಾರ ಕಾಲೇಜಿನಿಂದ ನೇರವಾಗಿ ವಠಾರಕ್ಕೆ ಹೋದೆ. ನಮ್ಮ ಹಳೆ ಮನೆಗೆ ಬೀಗ ಹಾಕಿತ್ತು. ಹೊಸ ಬಾಡಿಗೆಯವರು ಅಡ್ವಾನ್ಸ್ ಕೊಟ್ಟಿದ್ದರು, ಆದರೆ ಆಷಾಢದಲ್ಲಿ ಯಾರೂ ಹಾಲು ಉಕ್ಕಿಸುವುದಿಲ್ಲವಲ್ಲ. ಶ್ರಾವಣ ಬರುವವರೆಗೆ ಮನೆ ಖಾಲಿ. ಅಜ್ಜಿ ಬೀಗ ತೆಗೆದರು. ನಾನು ಒಳಗೆ ಹೆಜ್ಜೆ ಇಡಲು ಹೋದಾಗ ತೋಳು ಹಿಡಿದರು.

"ಹೊಸ್ತಿಲಾಚೆ ನಿಂತ್ಕೊಂಡೇ ನೋಡಮ್ಮ. ಅಲ್ಲಿ ಹಾಲುಕ್ಸಿ ಬಂದೋರು ಆಷಾಢದಲ್ಲಿ ಬಿಟ್ಟ ಮನೆಗೆ ಕಾಲಿಡ್ಬಾರ್ದು. ನಿಮ್ಮಪ್ಪ ಕಷ್ಟಪಟ್ಟು ಕಟ್ಟಿದಾರೆ."

ಹೊಸ್ತಿಲಾಚೆಯಿಂದಲೇ ಕರೆದೆ. ತೊಳೆದ ನೆಲ, ಖಾಲಿ ಗೂಡು, ಒಲೆಕಟ್ಟೆ. ಬೆಕ್ಕು ಅಲ್ಲಿರಲಿಲ್ಲ. ಅದು ನಿಜವಾಗಿಯೂ ಆ ದಿನ ಅಲ್ಲಿರಲಿಲ್ಲ. ಕೊಡಿಗೇಹಳ್ಳಿಯಿಂದ ಯಶವಂತಪುರಕ್ಕೆ ನಾಲ್ಕು ದಿನದಲ್ಲಿ ನಡೆದು ಬರುವುದು ಅದಕ್ಕೆ ಆಗಿರಲಿಲ್ಲ ಎಂದು ಈಗ ಅನಿಸುತ್ತದೆ.

"ಬಂದ್ರೆ ಹೇಳಿ ಕಳಿಸ್ತೀನಿ. ನೀನು ಪದೇ ಪದೇ ಬರ್ಬೇಡ, ಶ್ರಾವಣ ಬರ್ಲಿ" ಎಂದರು ಅಜ್ಜಿ. ಅವ್ವನೂ ಹಾಗೆಯೇ ಹೇಳಿದಳು. ಅಪ್ಪನ ಮನೆಗೆ ಕೆಡುಕಾಗುವುದು ಅವಳಿಗೂ ಬೇಕಿರಲಿಲ್ಲ.

ಆಷಾಢದ ಭಾನುವಾರಗಳಲ್ಲಿ ನಾನು ಉಳಿದ ಕಡೆಯೆಲ್ಲ ಹುಡುಕಿದೆ. ರೈಲು ಹಳಿಯ ಗುಂಟ ನಡೆದೆ, ಹೆಬ್ಬಾಳದ ಕೆರೆಯ ಏರಿ, ಅಲ್ಲಾಳಸಂದ್ರದ ತೋಪು. ಸತ್ತ ಬೆಕ್ಕು ಎರಡು ಕಂಡವು. ಎರಡನ್ನೂ ಕಡ್ಡಿಯಿಂದ ಮಗ್ಗುಲು ತಿರುಗಿಸಿ ನೋಡಿದೆ. ನಮ್ಮದಲ್ಲ ಎಂದು ತಿಳಿದು ಸಂತೋಷವಾಯಿತು. ಹಾಗೆ ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಾನು ಅಡುಗೆಮನೆಯಲ್ಲಿ ಕೂತು ಮಾತಾಡಿಸಿದರೆ ಉತ್ತರ ಹೇಳುತ್ತಿದ್ದಳು. ತಾನಾಗಿ ಏನೂ ಹೇಳುತ್ತಿರಲಿಲ್ಲ.

ಆಗಸ್ಟ್ ಹತ್ತೊಂಬತ್ತು, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಅರಿಶಿನ ಕುಂಕುಮಕ್ಕೆ ಬನ್ನಿ ಎಂದು ಅಜ್ಜಿ ಹೇಳಿ ಕಳಿಸಿದ್ದರಿಂದ ಅವ್ವ ಮತ್ತು ನಾನು ಹೋದೆವು. ಬೆಕ್ಕಿನ ಸುದ್ದಿ ಇಲ್ಲ, ಮಗಳು ಆಷಾಢಕ್ಕೆಂದು ತವರಿಗೆ ಬಂದಿದ್ದರಿಂದ ಆ ಕಡೆ ತಿರುಗಿ ನೋಡಲೂ ಬಿಡುವಾಗಲಿಲ್ಲ ಎಂದು ಅಜ್ಜಿ ಬೇಜಾರು ಮಾಡಿಕೊಂಡರು. ಅಷ್ಟರಲ್ಲಿ ನಮ್ಮ ಹಳೆ ಮನೆಗೆ ಬಂದಿದ್ದ ಹೊಸ ಬಾಡಿಗೆಯವರ ಹೆಂಡತಿ, ಇನ್ನೂ ಚಿಕ್ಕ ವಯಸ್ಸಿನವಳು, ಕೈಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು. ನಾವು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಮನೆ ಹೇಗಿದೆಯಮ್ಮ ಎಂದು ಇನ್ನೊಬ್ಬರು ಕೇಳಿದ್ದಕ್ಕೆ ಅವಳು ಹೇಳಿದಳು:

"ಮನೆಯೇನೋ ಚೆನ್ನಾಗಿದೆ ಕಣ್ರೀ. ಆದ್ರೆ ನಮ್ಗಿಂತ ಮುಂಚೆ ಒಂದು ಬೆಕ್ಕು ಬಾಡಿಗೆಗೆ ಬಂದ್ಬಿಟ್ಟಿತ್ತು. ಹಾಲುಕ್ಸೋಕೆ ಅಂತ ಬೆಳಿಗ್ಗೆ ಬೀಗ ತೆಗೀತೀವಿ, ಒಳಗಡೆ ಬಾಗಿಲ ಹತ್ರಾನೇ ಕೂತಿದೆ. ಓಡ್ಲಿಲ್ಲ. ನನ್ನ ಮುಖ ನೋಡ್ತು, ನಮ್ಮನೆಯವ್ರ ಮುಖ ನೋಡ್ತು. ಇನ್ಯಾರಾದ್ರೂ ಬರ್ತಾರೇನೋ ಅನ್ನೋ ಥರ ಬಾಗಿಲಾಚೆ ಇಣುಕಿ ನೋಡ್ತು. ಆಮೇಲೆ ಒಳಗೆ ಹೋಗಿ ಒಲೆಕಟ್ಟೆ ಮೇಲೆ ಮಲಗ್ತು."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಅವರ ಕೈಯಲ್ಲಿದ್ದ ಕುಂಕುಮದ ಬಟ್ಟಲು ಅಲ್ಲೇ ನಿಂತಿತು.

"ಈಗೆಲ್ಲಿದೆ?" ಎಂದೆ ನಾನು.

"ಓಡಿಸಿದ್ರೆ ಗವಾಕ್ಷೀಲಿ ಮತ್ತೆ ಬರೋದು. ಎಳೇ ಮಗು ಇರೋ ಮನೆ, ಉಸಿರು ಎಳ್ಕೊಂಡ್ಬಿಡುತ್ತೆ ಅಂತಾರಲ್ಲ. ಹಾಗಂತ ಹೊಡೆದು ಕೊಲ್ಲೋಕಾಗುತ್ತಾ? ಕಾಶಿಗೆ ಚಿನ್ನದ ಬೆಕ್ಕು ಮಾಡಿಸಿ ಹಾಕ್ಬೇಕಾಗುತ್ತೆ. ನಮ್ಮನೆಯವ್ರೇ ಗೋಣೀಲಿ ಹಾಕ್ಕೊಂಡು ಹೋಗಿ ಚಿಕ್ಕಬಾಣಾವರದಲ್ಲಿ ಬಿಟ್ಟು ಬಂದ್ರು, ಶನಿವಾರ. ರೈಲಲ್ಲಿ ಹೋದ್ರೆ ದಾರಿ ಗೊತ್ತಾಗಲ್ಲ ನೋಡಿ."

ಅವ್ವ ಅಷ್ಟು ಹೊತ್ತೂ ತಲೆ ತಗ್ಗಿಸಿಯೇ ಕೂತಿದ್ದಳು. ಆ ವಠಾರದಲ್ಲಿ ಅವಳು ಅಷ್ಟು ಜನರ ಮುಂದೆ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

"ಭಾಳ ಸೊರಗಿತ್ತೇನವಾ?" ಎಂದು ಕೇಳಿದಳು.

ಆ ಹುಡುಗಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು. "ತುಂಬಾ ಬಡಕಲಾಗಿತ್ತಾ ಅಂತ ಕೇಳ್ತಿದಾರೆ" ಎಂದೆ.

"ಮೂಳೆ ಚರ್ಮ ಕಣ್ರೀ. ಹಿಂದಿನ ಕಾಲೊಂದು ಊರ್ತಾನೇ ಇರ್ಲಿಲ್ಲ" ಎಂದಳು. ಆಮೇಲೆ ನಮ್ಮಿಬ್ಬರನ್ನೂ ಸರಿಯಾಗಿ ನೋಡಿ, "ಅಯ್ಯೋ, ನಿಮ್ದಾ ಅದು?" ಎಂದಳು. ಅವಳ ಕಣ್ಣಲ್ಲಿ ನೀರು ಬಂತು. ಅವಳ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ. ಅವಳ ಮಗು ಅವ್ವನ ಬಳೆ ಹಿಡಿದು ಎಳೆಯುತ್ತಿತ್ತು.

ಮರು ಭಾನುವಾರ ಮೂವರೂ ಚಿಕ್ಕಬಾಣಾವರಕ್ಕೆ ಹೋದೆವು. ಅಪ್ಪ ತಾವೇ ಟಿಕೆಟ್ ತಂದರು. ತೆಂಗಿನಕಾಯಿಯ ಕತೆಯನ್ನು ಅವರು ಮತ್ತೆ ಹೇಳಿದ್ದಿಲ್ಲ. ಸ್ಟೇಷನ್ನಿನ ಹೊರಗೆ ಚಹಾ ಕಾಸುತ್ತಿದ್ದವನನ್ನು ಕೇಳಿದೆವು.

"ಯಾವ ಬೆಕ್ಕು ಅಂತ ಏಳ್ಲಿ ಸಾರ್?" ಎಂದ. "ಬೆಂಗ್ಳೂರೋರು ಗೋಣಿ ಇಡ್ಕೊಂಡು ಇಳಿತಾವ್ರೆ, ಬಿಡ್ತಾವ್ರೆ, ಅದೇ ರೈಲು ಕಾದು ವಾಪಸ್ ಏರ್ಕೊಂಡು ಓಗ್ತಾವ್ರೆ. ನಮ್ಮೂರು ಬೆಕ್ಕುಗಳ ತವರುಮನೆ ಆಗೋಗದೆ. ವಾಪಸ್ ಕರ್ಕೊಂಡೋಗಾಕೆ ಬಂದೋರು ಮಾತ್ರ ನೀವೇ ಮೊದ್ಲು."

ಸ್ಟೇಷನ್ನಿನ ಹಿಂದೆ ಲಂಟಾನ ಬೆಳೆದ ಖಾಲಿ ಜಾಗ ತೋರಿಸಿದ. ಅಲ್ಲಿ ನಿಂತು ಅವ್ವ "ಬಾರವಾ" ಎಂದಳು. ಪೊದೆಯಿಂದ ಒಂದು ಬಂತು. ಆಮೇಲೆ ಗೋಡೆಯ ಮೇಲಿಂದ ಒಂದು, ಮೋರಿಯ ಕಡೆಯಿಂದ ಎರಡು. ಬಿಳಿ, ಕಂದು, ಪಟ್ಟೆ. ಮನೆಗಳಲ್ಲಿ ಬೆಳೆದ ಬೆಕ್ಕುಗಳು, ಹೆಂಗಸಿನ ದನಿ ಕೇಳಿ ಬಂದಿದ್ದವು. ಅವ್ವ ಒಂದೊಂದರ ಮುಖವನ್ನೂ ನೋಡಿದಳು. ನಮ್ಮದು ಅವುಗಳಲ್ಲಿ ಇರಲಿಲ್ಲ. ತಂದಿದ್ದ ಹಾಲನ್ನು ಅವಕ್ಕೇ ಹಾಕಿದಳು. ಅಪ್ಪ ನಮ್ಮ ಕಡೆಗೆ ಬೆನ್ನು ಮಾಡಿ ಹಳಿ ನೋಡುತ್ತ ನಿಂತಿದ್ದರು.

ದೀಪಾವಳಿಯವರೆಗೆ ಭಾನುವಾರ ಬಿಡದೆ ಹೋದೆವು. ಆಮೇಲೆ ಅವ್ವ, "ಆ ಉಳಿದವಕ್ಕ ಆಸೆ ಹಚ್ಚಿ ಬರೂದು ಪಾಪ" ಎಂದು ನಿಲ್ಲಿಸಿದಳು. ನಾನು ಪರೀಕ್ಷೆ ಬರುವವರೆಗೆ ಹೋದೆ. ಕುಂಟುವ ಬೂದಿ ಬೆಕ್ಕೊಂದನ್ನು ಹೆಸರಘಟ್ಟ ರಸ್ತೆಯ ಕಡೆ ಹೋಗುವಾಗ ಕಂಡೆ ಎಂದು ಹೂ ಮಾರುವವಳೊಬ್ಬಳು ಹೇಳಿದಳು. ಅಷ್ಟೇ ತಿಳಿದದ್ದು. ಇದು 1986. ಅವ್ವ ಬೇರೆ ಬೆಕ್ಕು ಸಾಕಿಲ್ಲ. ಕೊಡಿಗೇಹಳ್ಳಿಯ ಹೆಂಗಸರು ಈಗ ಅವಳ ಮಾತಿಗೆ ನಗುವುದಿಲ್ಲ. ನಗಲು ಅವಳು ಮಾತಾಡಬೇಕಲ್ಲ.

1983ರ ಆಗಸ್ಟ್ ಎರಡನೇ ವಾರದ ನಂತರ ಚಿಕ್ಕಬಾಣಾವರದಲ್ಲಾಗಲಿ, ಹೆಸರಘಟ್ಟ ರಸ್ತೆಯಲ್ಲಾಗಲಿ, ಅಥವಾ ಅಲ್ಲಿಂದ ಯಶವಂತಪುರಕ್ಕೆ ಬರುವ ಹಳಿಯ ಪಕ್ಕದಲ್ಲಾಗಲಿ, ಎಡಗಿವಿಯ ತುದಿ ಹರಿದ, ಗಲ್ಲದ ಕೆಳಗೆ ಮಾತ್ರ ಬೆಳ್ಳಗಿರುವ ಬೂದಿ ಬಣ್ಣದ ಹೆಣ್ಣು ಬೆಕ್ಕನ್ನು ಯಾರಾದರೂ ಕಂಡಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಬೇಕು. ಸಾಕಿಕೊಂಡಿದ್ದರೆ ವಾಪಸು ಕೇಳುವುದಿಲ್ಲ. ಸತ್ತದ್ದನ್ನು ಕಂಡಿದ್ದರೆ ಅದನ್ನೂ ಬರೆಯಿರಿ, ಎಲ್ಲಿ ಎಂದು ತಿಳಿಸಿದರೆ ಸಾಕು. ಅವ್ವನಿಗೆ ಓದಲು ಬರುವುದಿಲ್ಲ. ಕಾರ್ಡನ್ನು ನಾನೇ ಓದಿ ಹೇಳುತ್ತೇನೆ.