ಬದುವಿನ ಮೇಲೆ ಸುಟ್ಟ ಟಾಯರು

ಚಿಗವ್ವನ ಸೊಂಟ ಮುರಿದದ್ದು ಹಳ್ಳದ ಬಂಡೆಯ ಮೇಲೆ ಜಾರಿ. ಆದರೆ ಆಕೆ ಆ ಹಳ್ಳದ ದಾರಿ ಹಿಡಿಯುವಂತೆ ಮಾಡಿದವನು ನಾನು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಆಕೆ ನಮ್ಮ ಕಾಕಾನ ಹೆಂಡತಿ. ತಾಯಿ ಇಲ್ಲದ ನನಗೆ ಉಣ್ಣಿಸಿ ಬೆಳೆಸಿದವಳು. ಚಿಂಚೋಳಿ ಕಡೆ ನಮ್ಮಿಬ್ಬರ ತೊಗರಿ ಹೊಲಗಳು ಒಂದಕ್ಕೊಂದು ಹತ್ತಿಕೊಂಡಿವೆ. ನನ್ನ ಟ್ರ್ಯಾಕ್ಟರ್ ಹೋಗುವ ದಾರಿ ಆಕೆಯ ಹೊಲದ ಅಂಚಿನಲ್ಲಿದೆ. ಅದನ್ನು ಅಗಲ ಮಾಡೋಣವೆಂದು ಕೇಳಿದ್ದೆ, ಆಕೆ ಒಪ್ಪಿರಲಿಲ್ಲ.

ಆಮೇಲೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಮೇಲಿಂದ ಮೇಲೆ ಪಂಚರ್ ಆಗತೊಡಗಿತು. ತೇಪೆ ಹಾಕಿಸಿದೆ, ಟ್ಯೂಬನ್ನೇ ಬದಲಿಸಿದೆ. ಗಾಳಿ ನಿಲ್ಲಲಿಲ್ಲ. ಆಕೆಯೇ ದಾರಿಯಲ್ಲಿ ಮೊಳೆ ಚೆಲ್ಲುತ್ತಿರಬೇಕು ಎಂದುಕೊಂಡೆ. ಒಂದು ಮುಂಜಾನೆ ಹೊಲಕ್ಕೆ ಹೊರಟಿದ್ದ ಆಕೆಯನ್ನು ಓಣಿಯ ಮಂದಿಯ ಎದುರೇ ತಡೆದೆ.

"ಚಿಗವ್ವಾ, ದಾರಿ ಕೊಡಲಿಕ್ಕೆ ಮನಸಿಲ್ಲಂದ್ರ ಬಾಯಿಲೆ ಹೇಳು. ಮೊಳಿ ಯಾಕ ಚೆಲ್ತಿ?"

ಆಕೆ ತಲೆಯ ಮೇಲಿನ ಬುತ್ತಿಗಂಟು ಇಳಿಸಲಿಲ್ಲ. "ನಿನಗ ತುತ್ತು ಹಾಕಿದ ಕೈಲೆ ಮೊಳಿ ಚೆಲ್ತೀನೇನೋ? ಆಯ್ತಪಾ ಶಾಣ್ಯಾ, ಇನ್ನ ಆ ದಾರ್ಯಾಗ ನಾ ಕಾಲಿಡಂಗಿಲ್ಲ. ನೀನೇ ಕಾಯ್ಕೋತ ಕುಂದರು."

ದಾರಿ ಆಕೆಯದೇ, ಬಿಟ್ಟವಳೂ ಆಕೆಯೇ. ಅಂದಿನಿಂದ ಹಳ್ಳ ದಾಟಿ ಸುತ್ತುಹಾಕಿ ಹೊಲಕ್ಕೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ಬಿದ್ದಳು, ಹಾಸಿಗೆ ಹಿಡಿದಳು.

ಗಾಲಿ ಮಾತ್ರ ಗಾಳಿ ಇಳಿದು ಮತ್ತೆ ಕುಂತಿತು. ಆಕೆ ಹಾಸಿಗೆಯಲ್ಲಿರುವಾಗ ಮೊಳೆ ಚೆಲ್ಲಿದವರು ಯಾರು? ಚಂದಾಪುರದ ಪಂಚರ್ ಅಂಗಡಿಯಲ್ಲಿ ಬಿಚ್ಚಿಟ್ಟ ಟಾಯರಿನೊಳಗೆ ನಾನೇ ಕೈಯಾಡಿಸಿದೆ. ಬೆರಳಿಗೆ ಚುಚ್ಚಿತು. ಕೂದಲಿನಷ್ಟು ಸಣ್ಣ, ತುಕ್ಕು ಹಿಡಿದ ತಂತಿ. ಊರಿಗೆ ಬಂದು ದಾರಿಯುದ್ದಕ್ಕೂ ಬಗ್ಗಿ ಹುಡುಕಿದೆ. ಅಂಥವೇ ತಂತಿಗಳು ಮಣ್ಣಿನಲ್ಲಿ ಸಿಗುತ್ತಾ ಸಿಗುತ್ತಾ ನನ್ನ ಬದುವಿನ ಮೇಲಿದ್ದ ಕರಿ ಕಲೆಯವರೆಗೆ ಕರೆದೊಯ್ದವು. ಕಾಡುಹಂದಿ ತೊಗರಿಗೆ ಬರದಿರಲೆಂದು ಹಿಂದಿನ ಚಳಿಗಾಲದಲ್ಲಿ ಹಳೆಯ ಟಾಯರು ಸುಟ್ಟಿದ್ದೆ. ರಬ್ಬರ್ ಉರಿದು ಹೋಗಿ ಒಳಗಿನ ತಂತಿ ಉಳಿದಿತ್ತು. ಬೇಸಿಗೆಯ ಮಳೆಯೇ ಅದನ್ನು ದಾರಿಗೆ ತಂದು ಹಾಕಿತ್ತು.

ಚಿಗವ್ವನ ಹಾಸಿಗೆಯ ಬಳಿ ಕುಳಿತು ಎಲ್ಲ ಹೇಳಿದೆ.

"ತಂತಿ ಎಲ್ಲಾ ಆರಿಸಿ ತಗದಿ?" ಎಂದಳು.

"ತಗದೀನಿ."

"ಈಗ ಗಾಳಿ ನಿಂದರ್ತದೇನು?"

"ನಿಂದರ್ತದ, ಚಿಗವ್ವಾ."

"ಛಲೋ ಆತು ಬಿಡು," ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಆಕೆಯ ಕಾಲು ಹಿಡಿಯಲು ಕೈ ಚಾಚಿದೆ. "ಮುಟ್ಟಬ್ಯಾಡ್ರಿ, ಭಾಳ ನೋವಾಗ್ತದ," ಎಂದು ಪಕ್ಕದಲ್ಲಿದ್ದ ಆಕೆಯ ಸೊಸೆ ತಡೆದಳು. ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡೆ.