ಬಿಡು ಅಂದ ಮಾತು

ನಮ್ಮನೆಯವರನ್ನ ಕಂಡಕಂಡೋರೆಲ್ಲ ಕೇಳೋದು ಒಂದೇ. "ಮೋಡದೊಳಗೆ ಹೋದ್ರೆ ಏನ್ ಕಾಣುತ್ತೆ ಪೈಲೆಟ್ಟೇ?" ಇವರು ಬೀರೂರು ಮಂಡಿ ಮುಂದೆ ಲಗೇಜ್ ಆಟೋ ನಿಲ್ಲಿಸ್ಕೊಂಡು, "ಏನೂ ಕಾಣಲ್ಲ ಕಣಪ್ಪಾ, ಬರೀ ಹೊಡೆತ ಬೀಳುತ್ತೆ" ಅಂತಾರೆ. ಕೇಳಿದೋರಿಗೆ ಸಪ್ಪೆಯಾಗುತ್ತೆ. ಅವರಿಗೆ ಕಥೆ ಬೇಕು. ಕಥೆ ಹೇಳಿ ಹೇಳಿ ಇವರಿಗೆ ಸಾಕಾಗಿದೆ, ಕೇಳಿ ಕೇಳಿ ನನಗೂ ಸಾಕಾಗಿದೆ.

ನಾನು ಹಾಲಮ್ಮ. ಬೀರೂರಲ್ಲಿ ಅಂಗನವಾಡಿ ಟೀಚರ್ರು. ನಮ್ಮನೆಯವರು ತಿಪ್ಪೇಶ್, ಈಗ ಈರುಳ್ಳಿ, ತೆಂಗಿನಕಾಯಿ, ಸಿಮೆಂಟು ಹೊಡೀತಾರೆ. ಮೊದಲು ಕಾಂಗೋ ದೇಶದಲ್ಲಿ ವಿಮಾನ ಓಡಿಸ್ತಿದ್ರು. ಜನ ಕೂರೋ ದೊಡ್ಡ ವಿಮಾನ ಅಂದ್ಕೋಬೇಡಿ. ಒಂದೇ ಇಂಜಿನ್ನಿನ ಪುಟ್ಟದು, ಸಾಮಾನು ಸಾಗಿಸೋದು. ಆವತ್ತೂ ಲಗೇಜೇ, ಇವತ್ತೂ ಲಗೇಜೇ ಅಂತ ನಾನು ರೇಗಿಸ್ತೀನಿ. ಮೊದಮೊದಲು ನಗ್ತಿದ್ರು.

ಸರ್ಕಾರದ ಸ್ಕಾಲರ್‌ಶಿಪ್ಪಲ್ಲಿ ಬೆಂಗಳೂರಿನ ಜಕ್ಕೂರಲ್ಲಿ ವಿಮಾನ ಓಡಿಸೋದು ಕಲಿತೋರು ಇವರು. ಜೊತೆಗೆ ಅಜ್ಜಂಪುರದ ಶಿವಪ್ರಸಾದ. ಕಲಿತಿದ್ದೇನೋ ಆಯ್ತು, ದೊಡ್ಡ ಕಂಪನಿಗಳ ಬಾಗಿಲು ತಟ್ಟಿ ತಟ್ಟಿ ಚಪ್ಪಲಿ ಸವೀತು, ಯಾರೂ ಒಳಗೆ ಕರೀಲಿಲ್ಲ. ಕೊನೆಗೆ ಕಾಂಗೋದ ಒಂದು ಸಣ್ಣ ಕಂಪನಿ ಕರೀತು. ಇವರು ಮೊದಲು ಹೋದ್ರು, ಶಿವೂನ್ನೂ ಕರೆಸ್ಕೊಂಡ್ರು.

ಅಲ್ಲಿ ಕಾಡಿಗೆ ಕೊನೆ ಮೊದಲಿಲ್ವಂತೆ, ರಸ್ತೆ ಮಾತ್ರ ಇಲ್ಲ. ಅಕ್ಕಿ, ಸೋಪು, ತಗಡು, ಔಷಧಿ, ಒಣಮೀನು, ಒಂದೊಂದ್ಸಲ ಆಡು, ಎಲ್ಲಾ ವಿಮಾನದಲ್ಲೇ ಹೋಗ್ಬೇಕು. ಬೆಳಿಗ್ಗೆ ಆಕಾಶ ತೊಳೆದಿಟ್ಟಂಗಿರುತ್ತೆ. ಮಧ್ಯಾಹ್ನ ಆಯ್ತು ಅಂದ್ರೆ ಕಾಡಿಂದ ಮೋಡ ಎದ್ದು, ಕೆಮ್ಮಣ್ಣುಗುಂಡಿ ಬೆಟ್ಟದ ಮೇಲೆ ಅಂಥವೇ ಇನ್ನಷ್ಟು ಬೆಟ್ಟ ಪೇರಿಸಿದಂಗೆ ನಿಂತ್ಬಿಡ್ತಾವೆ. ಸುತ್ತು ಹಾಕ್ಕೊಂಡು ಹೋಗೋಣ ಅಂದ್ರೆ ಅಷ್ಟು ಎಣ್ಣೆ ಇರಲ್ಲ. ಎಲ್ಲಾದ್ರೂ ಸಂದಿ ಹುಡುಕ್ಕೊಂಡು ನುಗ್ಗಬೇಕು. ಇವರು ವಿಮಾನದ ಮೂತಿ ಕೆಳಗೆ ಒತ್ತಿ ಹಿಡಿದ್ರೂ ಅದು ಮೇಲಕ್ಕೇ ಹೋಗ್ತಿತ್ತಂತೆ, ಆಮೇಲೆ ಇದ್ದಕ್ಕಿದ್ದಂಗೆ ಬಾವಿಗೆ ಬಿದ್ದ ಬಿಂದಿಗೆ ಥರ ಕೆಳಕ್ಕೆ. ಗಾಜಿನ ಮೇಲೆ ಮಳೆ ಸದ್ದು ಜಲ್ಲಿ ಸುರಿದಂಗೆ, ಅದರ ಮುಂದೆ ಇಂಜಿನ್ ಸದ್ದೇ ಕೇಳಿಸಲ್ಲ. ಮಿಂಚು ಹೊಡೆದ ಮೇಲೆ ಎದುರಿಗಿರೋ ಮೀಟರ್ ಕೂಡ ಕಾಣಲ್ಲ. ಒಂದ್ಸಲ ಹಿಂದೆ ಸಾಮಾನಿಗೆ ಕಟ್ಟಿದ್ದ ಬಲೆ ಕಿತ್ತು, ಆಡುಗಳು ಮುಂದಕ್ಕೆ ಬಂದು ಇವರ ಹೆಗಲ ಮೇಲೆ ಮೂತಿ ಇಟ್ಟಿದ್ವಂತೆ. "ಪಾಪ, ಅವಕ್ಕೂ ಭಯ. ನಂಗೇನೋ ಗೊತ್ತಿರೋ ಥರ ನನ್ನ ಕೇಳ್ತಿದ್ವು" ಅಂತ ಹೇಳ್ತಿದ್ರು. ಇಳಿದ ಮೇಲೆ ಹ್ಯಾಂಡಲ್ ಹಿಡಿದ ಬೆರಳು ಬಿಚ್ಚೋಕೆ ಬರ್ತಿರಲಿಲ್ಲ. ಈಗಲೂ ಚಳಿಗಾಲದಲ್ಲಿ ಬೆಳಿಗ್ಗೆ ಎದ್ದು ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂತಿರ್ತಾರೆ.

ಅಲ್ಲಿ ಹವಾಮಾನ ಹೇಳೋರೂ ಗತಿಯಿಲ್ಲ. ಮುಂದೆ ಹೋದ ಪೈಲೆಟ್ಟು ಹಿಂದೆ ಬರೋನಿಗೆ ರೇಡಿಯೋದಲ್ಲಿ ಹೇಳ್ಬೇಕು, ಅಷ್ಟೇ. ಇಂಗ್ಲಿಷಲ್ಲೇ ಮಾತಾಡ್ಬೇಕು, ಇಂಥದ್ದಕ್ಕೆ ಇಂಥದೇ ಪದ ಅಂತ ರೂಲ್ಸು. ಇವರಿಬ್ಬರು ಮಾತ್ರ ಕನ್ನಡದಲ್ಲಿ ಮಾತಾಡ್ಕೊಳ್ಳೋರು. ಸಾವಿರಾರು ಮೈಲಿ ಆಚೆ, ಗುಡುಗು ಮಿಂಚಿನ ಮಧ್ಯೆ, "ಲೇ ಶಿವೂ, ಉಂಡೇನೋ?" ಅಂತ. ಯಾರಿಗೂ ಅರ್ಥ ಆಗಲ್ಲ ಅಂತ ಮಜಾ ಬೇರೆ.

ಶಿವು ಅಲ್ಲೇ ಸತ್ತ. ಮಳೆಯಲ್ಲಿ ವಿಮಾನ ಗುಡ್ಡಕ್ಕೆ ಬಡೀತು. ಊರಿಗೆ ಬಂದ ಸುದ್ದಿ ಇಷ್ಟು: ಮುಂದೆ ಹೋಗಿದ್ದ ತಿಪ್ಪೇಶ ರೇಡಿಯೋದಲ್ಲಿ ಬೇಡ ಅಂತ ಎಚ್ಚರಿಕೆ ಕೊಟ್ಟಿದ್ದ, ಶಿವು ಕೇಳದೆ ಹೊರಟ. ಕಂಪನಿಯೋರು ಹೇಳಿದ್ದೂ ಅದನ್ನೇ.

ಅವನ ತಾಯಿ ಕರಿಬಸಮ್ಮ, ಅಜ್ಜಂಪುರದಲ್ಲಿದ್ದಾರೆ. ಎದೆ ಗಟ್ಟಿ ಹೆಂಗಸು. ಮಗನ ಮಣ್ಣಿಗೆ ಬಂದೋರ ಮುಂದೆ ಒಂದೇ ಮಾತು ಹೇಳಿದ್ರು: "ಹುಟ್ಟಿದಾಗಿಂದ್ಲೂ ಮಾತು ಕೇಳದೋನು. ಸಾಯೋವಾಗ್ಲೂ ಕೇಳ್ಲಿಲ್ಲ." ಹಿರಿಯರ ಹಬ್ಬದಲ್ಲಿ ಗಂಡನಿಗೆ, ಅತ್ತೆ ಮಾವನಿಗೆ ಎಲ್ಲ ಎಡೆ ಇಟ್ಟು ಪೂಜೆ ಮಾಡ್ತಾರೆ. ಮಗನಿಗೆ ಒಂದು ವರ್ಷಾನೂ ಇಟ್ಟಿರಲಿಲ್ಲ. "ತಿಪ್ಪೇಶ ಅಷ್ಟು ಹೇಳಿದ್ರೂ ಕೇಳದೋನಿಗೆ ನನ್ ಮನೇಲಿ ಎಡೆ ಇಲ್ಲ" ಅಂತ ಹಟ. ಹಬ್ಬದ ದಿನ ನಮ್ಮನ್ನ ಕರೆಸಿ, ಇವರನ್ನ ಮಣೆ ಮೇಲೆ ಕೂರಿಸಿ, ಶಿವೂಗೆ ಇಷ್ಟ ಅಂತಿದ್ದ ನಾಟಿಕೋಳಿ ಸಾರನ್ನ ಕೈಯಾರೆ ಬಡಿಸ್ತಿದ್ರು. "ನೀನಾದ್ರೂ ಉಣ್ಣು ಮಗಾ." ಇವರು ತಲೆ ಬಗ್ಗಿಸ್ಕೊಂಡು ಉಣ್ತಿದ್ರು. ನಾನು ದುಃಖ ಅಂದ್ಕೊಂಡಿದ್ದೆ.

ನನಗೆ ಹೆತ್ತವರಿಲ್ಲ. ನಮ್ಮ ಧನುಶ್ರೀ ಹುಟ್ಟಿದಾಗ ಇವರು ಕಾಂಗೋದಲ್ಲಿದ್ರು. ಬಂದು ಎಣ್ಣೆ ನೀರು ಹಾಕಿ, ಬಾಣಂತನ ಮಾಡಿದ್ದು ಕರಿಬಸಮ್ಮನೇ. ನನಗೆ ತವರು ಅಂತ ಇದ್ರೆ ಆ ಮನೆ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಮುಂದಿನದ್ದು ಕೇಳಿ ನೀವು ನನ್ನ ಬೈಕೋಬಾರದು ಅಂತ.

ಶಿವು ಹೋದ ಸ್ವಲ್ಪ ದಿನಕ್ಕೇ ಇವರ ಕಿವಿ ಮಂದ ಆಯ್ತು, ಬಿ.ಪಿ. ಬಂತು, ಡಾಕ್ಟ್ರು ಇನ್ನು ಹಾರಿಸೋ ಹಂಗಿಲ್ಲ ಅಂದ್ರು, ಇವರು ಊರಿಗೆ ಬಂದ್ರು. ಈ ವರ್ಷ ಶ್ರಾವಣ ಕಳೆದ ಮೇಲೆ ಒಂದಿನ ತರೀಕೆರೆಗೆ ಈರುಳ್ಳಿ ಇಳಿಸೋಕೆ ಹೊರಟಿದ್ರು, ನನಗೂ ಅಲ್ಲಿ ಕೆಲಸ ಇತ್ತು ಅಂತ ಹತ್ಕೊಂಡೆ. ಅರ್ಧ ದಾರೀಲಿ ಗುಡುಗು ಶುರುವಾಯ್ತು. ಇವರಿಗೆ ಒಂದು ಚಾಳಿ, ಗುಡುಗು ಬಂದ್ರೆ ಗಾಡಿ ಸೈಡಿಗೆ ಹಾಕಿ ಕೂತ್ಬಿಡೋದು. ಹಿಂದೆ ಟಾರ್ಪಾಲು ಹರಿದಿತ್ತು, ಈರುಳ್ಳಿ ನೆಂದ್ರೆ ಮಂಡಿಯೋನು ಮೂಸೂ ನೋಡಲ್ಲ. ನನಗೆ ರೇಗಿ ಹೋಯ್ತು. "ಇದೇನು ಕಾಂಗೋನಾ? ಬಿಡ್ರೀ ಗಾಡೀನ. ಬಿಡಿ ಅಂತೀನಿ, ಬಿಡಿ."

ಇವರು ಸ್ಟೇರಿಂಗ್ ಮೇಲೆ ಹಣೆ ಇಟ್ರು. "ಬಿಡೋದು ಅಂದ್ರೆ ಯಾವ್ದು ಹಾಲಾ? ಹೋಗೋದಾ, ನಿಲ್ಲಿಸೋದಾ?"

ನಾನು ತಲೆ ಕೆಟ್ಟಿದ್ಯಾ ಅಂತ ಬಾಯಿ ತೆಗೆದೆ. ಆಮೇಲೆ ಅವರ ಮುಖ ನೋಡಿ, ಏನಾಯ್ತು ಅಂದೆ. ಮಳೆ ನಿಲ್ಲೋವರೆಗೂ ಅಲ್ಲೇ ಕೂತು ಹೇಳಿದ್ರು.

ಅವತ್ತು ಇವರು ಮುಂದೆ ಹಾರಿದ್ರು. ಶಿವು ಅಕ್ಕಿ ತುಂಬಿಸ್ಕೊಂಡು ಇನ್ನೂ ನೆಲದ ಮೇಲಿದ್ದ. ಇವರು ನುಗ್ಗಿದ ಸಂದಿ ಹಿಂದೆಯೇ ಮುಚ್ಕೊಳ್ತು. ಒಂದು ಕೈಲಿ ವಿಮಾನ ಹಿಡ್ಕೊಂಡು ರೇಡಿಯೋದಲ್ಲಿ ಕೂಗಿದ್ರು: "ಶಿವೂ, ದಾರಿ ಮುಚ್ಚೋಯ್ತು ಕಣೋ, ಇವತ್ತು ಆಗಲ್ಲ. ಬಿಡು, ಬಿಡು." ಮಿಂಚಿನ ಕರಕರದಲ್ಲಿ ಕೊನೆಯ ಬಿಡು ಅನ್ನೋದಷ್ಟೇ ಅವನ ಕಿವಿಗೆ ಬಿತ್ತೋ ಏನೋ. ಅವನು ವಾಪಸ್ ಹೇಳಿದ್ದು ಇಷ್ಟೇ: "ಬಿಟ್ಟೆ ಕಣೋ."

ನಮ್ಮ ಕಡೆ ಡ್ರೈವರ್ ಬಸ್ ಬಿಟ್ಟ ಅಂದ್ರೆ ಹೊರಟ ಅಂತ. ಬೀಡಿ ಬಿಟ್ಟ ಅಂದ್ರೆ ನಿಲ್ಲಿಸಿದ ಅಂತ. ಇವರಿಗೆ ಕೇಳಿಸಿದ್ದು ಬೀಡಿ ಬಿಟ್ಟಂಗೆ. ಅವನು ಹೇಳಿದ್ದು ಬಸ್ ಬಿಟ್ಟಂಗೆ. ಇವರು ಹೆಂಗೋ ಆ ಕಡೆ ಇಳಿದು, ಶಿವು ಅಲ್ಲೇ ಉಳ್ಕೊಂಡ ಅಂತ ನೆಮ್ಮದಿಯಾಗಿ ಟೀ ಕುಡೀತಿದ್ರಂತೆ. ಅವನು ಅದೇ ಹೊತ್ತಲ್ಲಿ ಮೋಡದೊಳಗಿದ್ದ.

"ಎಚ್ಚರಿಕೆ ಕೊಟ್ಟಿದ್ರಾ ಅಂತ ಕಂಪನಿಯೋರು ಕೇಳಿದ್ರು. ಹೌದು ಅಂದೆ. ಯಾವ ಭಾಷೇಲಿ, ಯಾವ ಮಾತಲ್ಲಿ ಅಂತ ಅವರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಅಂದ್ರು. "ಶಿವೂನ ಅವ್ವಂಗೆ ಹೇಳ್ಬೇಕು ಹಾಲಾ. ಅವನ ಊಟ ಉಂಡು ಉಂಡು ನಂಗೆ ಸಾಕಾಯ್ತು."

ನಾನು ಬೇಡ ಅಂದೆ. ಕಡ್ಡಿ ಮುರಿದಂಗೆ ಹೇಳಿದೆ. ಹೋದೋನು ಹೋದ, ಈಗ ಆ ಮುದುಕಿ ಹೊಟ್ಟೆಗೆ ಬೆಂಕಿ ಹಾಕಿ ನೀವೇನು ಪುಣ್ಯ ಕಟ್ಕೋತೀರಿ ಅಂದೆ. ನಿಜ ಹೇಳ್ಬೇಕಂದ್ರೆ ನಾನು ಮುದುಕಿಗಾಗಿ ಅಂದಿದ್ದಲ್ಲ. ಆ ಮನೆ ಬಾಗಿಲು ನನಗೆ ಮುಚ್ಚಿ ಹೋಗುತ್ತೆ ಅನ್ನೋ ಭಯ. ದಿನಾ ಅದೇ ಜಗಳ. ಇವರು ಎದುರು ಮಾತಾಡ್ತಿರಲಿಲ್ಲ, ಊಟ ಮಾತ್ರ ಸೇರ್ತಿರಲಿಲ್ಲ.

ಹಿರಿಯರ ಹಬ್ಬ ಹತ್ತಿರ ಬಂದಾಗ ಒಂದು ಭಾನುವಾರ ಸ್ನಾನ ಮಾಡಿ, ಒಗೆದ ಅಂಗಿ ಹಾಕ್ಕೊಂಡು ಸ್ಟೇಷನ್ ಕಡೆ ಹೊರಟೇ ಬಿಟ್ರು. ನಾನೂ ಗೊಣಗ್ತಾ ಹಿಂದೆ ಹೋದೆ. ರೈಲು ಹತ್ತಿ ಅಜ್ಜಂಪುರದಲ್ಲಿ ಇಳಿದ್ವಿ.

ಕರಿಬಸಮ್ಮ ಜಗಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸ್ತಿದ್ರು. "ಬಾ ಮಗಾ, ಬಾರೇ ಹಾಲೀ, ಹಬ್ಬಕ್ಕೆ ಮುಂಚೇನೇ ಬಂದ್ರಲ್ಲ" ಅಂತ ಜಾಗ ಮಾಡಿದ್ರು. ಇವರು ಕೂರಲಿಲ್ಲ. ನಿಂತ್ಕೊಂಡೇ ಹೇಳಿದ್ರು, ನನಗೆ ಹೇಳಿದಂಗೇ, ಏನೂ ಮುಚ್ಚಿಡದೆ. ಕರಿಬಸಮ್ಮನ ಕೈ ನಿಲ್ಲಲಿಲ್ಲ. ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಹಾಕ್ತಾನೇ ಇದ್ರು.

"ನೀನು ಬಿಡು ಅಂದೆ."

"ಹೂಂ ಅವ್ವಾ."

"ಅವ್ನು ಬಿಟ್ಟೆ ಅಂದ."

"ಹೂಂ."

ಆಗ ಕೈ ನಿಂತು ಹೋಯ್ತು. "ಹಂಗಾದ್ರೆ ನನ್ ಮಗ ಮಾತು ಕೇಳ್ದ."

ನನಗೆ ಅಳು ಬಂತು, ಅತ್ತುಬಿಟ್ಟೆ, ಏನು ಮುಚ್ಚುಮರೆ.

"ಇಷ್ಟು ವರ್ಷ ನನ್ ಬಾಯಿಂದ ಅವನ್ನ ಬೈಸಿದ್ಯಲ್ಲೋ ತಿಪ್ಪೇಶಾ" ಅಂದ್ರು ಕರಿಬಸಮ್ಮ. ದನಿ ಏರಿಸಲಿಲ್ಲ. "ನಾನು ಬೈತಾ ಇದ್ದೆ, ನೀನು ಎದುರಿಗೆ ಕೂತು ಉಣ್ತಾ ಇದ್ದೆ." ಮೊರ ಎತ್ಕೊಂಡು ಒಳಗೆ ಹೋದ್ರು, ಬಾಗಿಲು ಮುಂದಕ್ಕೆ ತಳ್ಳಿದ್ರು. ನಾವು ವಾಪಸ್ ಸ್ಟೇಷನ್ನಿಗೆ ನಡೆದ್ವಿ.

ಹಬ್ಬದ ಅಮಾವಾಸ್ಯೆ ಬಂತು. ಇವರು ಗಾಡಿ ತೆಗೀಲಿಲ್ಲ, ಎಲ್ಲಿಗೂ ಹೋಗ್ಲಿಲ್ಲ. ಮಧ್ಯಾಹ್ನ ನನ್ನ ಫೋನಿಗೆ ಅಜ್ಜಂಪುರದಿಂದ ಕರೆ ಬಂತು. ಕರಿಬಸಮ್ಮನೇ.

"ಹಾಲೀ, ಎಡೆ ಇಟ್ಟೆ ಕಣೇ. ಅವನಿಗೆ ಹೊಸ ಅಂಗಿ ಇಟ್ಟಿದ್ದೀನಿ, ಕೋಳಿ ಸಾರು ಇಟ್ಟಿದ್ದೀನಿ. ತಪ್ಪಾಯ್ತು ಮಗಾ ಅಂತ ಕೈ ಮುಗ್ದೆ." ಮೂಗು ಒರೆಸಿಕೊಂಡ ಸದ್ದು ಕೇಳಿಸ್ತು. "ನೀನೂ ಧನುನೂ ಸಂಜೆ ಬಂದು ಉಂಡ್ಕೊಂಡು ಹೋಗಿ."

"ಇವರು?" ಅಂದೆ.

ಕಟ್ಟಾಯ್ತೇನೋ ಅಂತ ಫೋನು ನೋಡ್ಕೊಂಡೆ.

"ಅವ್ನು ಬ್ಯಾಡ" ಅಂದ್ರು. "ಬ್ಯಾಡ ಅಂದ್ರೆ ಬ್ಯಾಡ ಅಂತಲೇ ಹೇಳು. ಈ ಮಾತಿಗೆ ಒಂದೇ ಅರ್ಥ ಇರೋದು."

ಇವರು ಹೊಸ್ತಿಲ ಮೇಲೆ ಕೂತು ನನ್ನ ಮುಖಾನೇ ನೋಡ್ತಿದ್ರು. ಸುಳ್ಳು ಹೇಳೋಣ ಅನ್ನಿಸ್ತು, ಬಾಯಿಗೆ ಬರ್ಲಿಲ್ಲ. ಇದ್ದಿದ್ದನ್ನ ಇದ್ದಂಗೆ ಹೇಳಿದೆ.

"ಇಟ್ರಂತಾ ಅವನಿಗೆ?" ಅಂತ ಕೇಳಿದ್ರು.

"ಇಟ್ರಂತೆ."

"ಸರಿ, ನೀವಿಬ್ಬರು ಹೋಗಿ ಬನ್ನಿ" ಅಂದು ಒಳಗೆ ಹೋಗಿ, ತಟ್ಟೆ ಹಾಕ್ಕೊಂಡು, ಬೆಳಗಿನ ಅನ್ನಕ್ಕೆ ಮಜ್ಜಿಗೆ ಕಲಸಿ ಪೂರ್ತಿ ಉಂಡ್ರು.